ಬೂಟು ಹೂತುಹೋಗುವ ಕೆಸರಿಗಾಗಿ

ಮಾರ್ಚ್ ತಿಂಗಳ ನಸುಕು. ನೀರು ನಿಂತ ಗದ್ದೆಯ ಮೇಲೆ ಮಂಜುಗಡ್ಡೆಯ ತೆಳು ಪೊರೆ. ಎಪ್ಪತ್ತೊಂದು ವರ್ಷದ ಹಿಸಾಯೊ ಕುಮಗಾಯಿ ಅದನ್ನು ಬೆರಳಿನಿಂದ ಒಡೆದು, ತಗಡಿನ ಕೊಳವೆ ಇಳಿಸಿ ಒಂದು ಹಿಡಿ ಕೆಸರು ಎತ್ತುತ್ತಾರೆ. ಜರಡಿಯಲ್ಲಿ ತೊಳೆದರೆ ಕೂದಲೆಳೆಯಂಥ ಕೆಂಪು ಹುಳುಗಳು ಉಳಿಯುತ್ತವೆ. ಎಣಿಸಿ, ಬರೆದುಕೊಂಡು, ಎತ್ತಿದ ಜಾಗಕ್ಕೇ ಬಿಡುತ್ತಾರೆ.

ಬದುವಿನ ಮೇಲಿಂದ ನೆರೆಯ ಗುಂಜಿ ಹುಳುಗಳತ್ತ ಕೈ ತೋರಿ ಕೂಗುತ್ತಾರೆ: "ಅಕ್ಕಾ, ನಿನ್ನ ಮೊಮ್ಮಕ್ಕಳು ಎದ್ದವಾ?"

"ನಿನ್ನ ಥರ ಬಿಸಿಲೇರೋವರೆಗೂ ಬಿದ್ದಿರ್ತಾವೇನೋ?"

ಈ ಹುಳು ಎರೆಹುಳುವಿನ ದಾಯಾದಿ. ತಲೆಯನ್ನು ಕೆಸರಿನಲ್ಲಿ ಹೂತು ತಿನ್ನುತ್ತದೆ, ಬಾಲ ಮೇಲೆ ಮಾಡಿ ಹಿಕ್ಕೆ ಹಾಕುತ್ತದೆ. ಚಳಿಗಾಲವಿಡೀ ನೀರು ನಿಲ್ಲಿಸಿ ತೌಡು ಚೆಲ್ಲಿದರೆ, ಕಣ್ಣಿಗೆ ಕಾಣದ ಜೀವಾಣುಗಳು ಅದರ ಮೇಲೆ ಬೆಳೆಯುತ್ತವೆ. ಅವು ಹುಳುವಿನ ಊಟ. ಹಿಕ್ಕೆ ಮೆತ್ತನೆಯ ಪದರವಾಗಿ ಕಳೆಬೀಜಗಳನ್ನು ಹೂಳುತ್ತದೆ, ಭತ್ತಕ್ಕೆ ಗೊಬ್ಬರವಾಗುತ್ತದೆ. ಊರಿನ ಹದಿನಾಲ್ಕು ಗದ್ದೆಗಳಲ್ಲಿ ಒಂಬತ್ತು ವರ್ಷಗಳಿಂದ ಹುಳು ಎಣಿಸುತ್ತಿರುವವರು ಹಿಸಾಯೊ ಒಬ್ಬರೇ.

"ಮದುವೆಯಾಗಿ ಬಂದ ವರ್ಷ ಈ ಗದ್ದೆಗೆ ಇಳಿದೆ. ಕೆಸರು ತೋಫು ಥರ ಮೆತ್ತಗಿತ್ತು. ಬೂಟು ಒಳಗೇ ಉಳೀತು, ಬರಿಗಾಲು ಮೇಲೆ ಬಂತು. ನಮ್ಮತ್ತೆ ನಕ್ಕೂ ನಕ್ಕೂ ಬದು ಮೇಲೆ ಕೂತೇಬಿಟ್ರು."

ಆಮೇಲೆ ಕಳೆನಾಶಕ ಬಂತು, ಹುಳು ಸತ್ತು ಕೆಸರು ಹಲಗೆಯಂತಾಯಿತು. ಅದನ್ನು ಬಿಟ್ಟ ಮೇಲೆ ಈಗ ಹದಿಮೂರು ಗದ್ದೆಗಳಲ್ಲಿ ಆ ಮೆತ್ತನೆಯ ಪದರ ಮರಳಿದೆ. ಕೊಳವೆಗೆ ನಲವತ್ತು, ಐವತ್ತು ಹುಳು. ಹಿಸಾಯೊ ಅವರ ಸ್ವಂತ ಗದ್ದೆಯಲ್ಲಿ ಮಾತ್ರ ಇಲ್ಲ.

"ತಪ್ಪು ನಂದೇ. ಎರಡು ವರ್ಷದ ಹಿಂದೆ, ಬೇಸಿಗೇಲಿ ಗದ್ದೆ ಒಣಗಿಸಬೇಡಿ ಅಂತ ಮನೆಮನೆಗೂ ಹೇಳಿ ಬಂದೆ. ಬಂದವಳು ನಲವತ್ತು ವರ್ಷದ ರೂಢೀಲಿ ನನ್ನ ತೂಬನ್ನೇ ತೆಗೆದೆ! ನೆಲ ಬಾಯಿ ಬಿಡ್ತು. ಹುಳ ಎಲ್ಲ ಹೋದ್ವು."

ಚಳಿಗಾಲದ ನೀರು ಹದಿನಾಲ್ಕೇ ಗದ್ದೆಗೆ ಸಾಲುತ್ತದೆ, ಕಾದಿರುವವರು ಹಲವರು. ನೀರು ಹಂಚುವ ಭಾನುವಾರದ ಸಭೆಯ ಹೊತ್ತಿಗೆ ಕೊಳವೆಗೆ ಹತ್ತು ಹುಳುವಾದರೂ ಇಲ್ಲದ ಗದ್ದೆಯ ನೀರಿನ ಸರದಿ ಬೇರೆಯವರಿಗೆ. ಹತ್ತು ಎಂಬ ಗೆರೆ ಎಳೆದವರೂ ಹಿಸಾಯೊ ಅವರೇ.

ತಮ್ಮ ಗದ್ದೆಯ ಕೆಸರನ್ನು ಕೊನೆಗೆ ಎತ್ತುತ್ತಾರೆ. ಎರಡು ಸಲ ಎಣಿಸುತ್ತಾರೆ. ಏಳು.

"ಹತ್ತು ಅಂತ ಬರಿ ಅಕ್ಕಾ, ಯಾರು ನೋಡ್ತಾರೆ?" ಗುಂಜಿ ದನಿ ತಗ್ಗಿಸುತ್ತಾರೆ.

"ಹೋದ ವರ್ಷ ಒಂದೂ ಇರಲಿಲ್ಲ ಕಣೋ. ಏಳು ಬಂದಿವೆ. ಎಷ್ಟಿವೆಯೋ ಅಷ್ಟನ್ನೇ ಬರೀತೀನಿ."

ಬರೆಯುತ್ತಾರೆ. ಏಳನ್ನೂ ನೀರಿಗೆ ಬಿಟ್ಟು, ಬೂಟುಗಾಲನ್ನು ಗದ್ದೆಗೆ ಊರಿ ಎತ್ತುತ್ತಾರೆ. ಕಾಲು ಬೂಟಿನ ಸಮೇತ ಸಲೀಸಾಗಿ ಬರುತ್ತದೆ.

"ನೀರು ಕೊಟ್ರೆ ಕೊಡಲಿ, ಬಿಟ್ರೆ ಬಿಡಲಿ. ಇನ್ನೊಂದೇ ಒಂದು ಸಲ ಈ ಕೆಸರು ನನ್ನ ಬೂಟು ಹಿಡ್ಕೊಳ್ಳಲಿ," ಎನ್ನುತ್ತಾರೆ. "ಬದು ಮೇಲೆ ಕೂತು ನಗೋಕೆ ನೀನು ಬರಬೇಕು, ಗುಂಜಿ."