ಬೇವಿನ ಗಿಡದ ಮೇಲಿನ ಮಣೆ

ನನ್ನ ಮೊಮ್ಮಗಳು ನಿನ್ನೆ ಹೊಲದ ಬೇವಿನ ಗಿಡ ಹತ್ತಿ ಅವಳ ಮುತ್ಯಾನ, ಅಂದರೆ ತೀರಿಹೋದ ನನ್ನ ಗಂಡನ, ಮಣೆಯ ಮೇಲೆ ಕೂತಳು. ಸುದ್ದಿ ಇಷ್ಟೇ. ಆದರೆ ನಿನ್ನೆಯಿಂದ ನನಗೆ ಸಂತೋಷಕ್ಕೆ ಊಟ ಸೇರುತ್ತಿಲ್ಲ. ಓಣಿಯಲ್ಲಿ ಎದುರಾದವರಿಗೆಲ್ಲ ಹೇಳಿದೆ. ಹೇಳಿದವರಿಗೇ ಮತ್ತೆ ಹೇಳಲು ಹೋದರೆ, "ಆಯಿ, ಮುಂಜಾನೇನೂ ಇದನ್ನೇ ಹೇಳಿದ್ರಿ" ಅಂತ ನಗುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸಿನ ತನಕ ಓದಿದವಳು ನಾನು, ಅಕ್ಷರ ದಪ್ಪ, ಸಾಲು ಸೊಟ್ಟ. ಕಾಗದಕ್ಕೆ ಎಷ್ಟು ಸಲ ಹೇಳಿದರೂ ಅದು ನಗುವುದಿಲ್ಲ ನೋಡಿ.

ನಮ್ಮ ಹೊಲ ವನದುರ್ಗದ ಗುಡ್ಡದ ಕಡೆ, ಕಾಲುವೆ ದಂಡೆಗೆ. ಹೊಲದ ಅಂಚಿಗೆ ದೊಡ್ಡ ಬೇವಿನ ಗಿಡ. ಅದರ ಕವಲಿನಲ್ಲಿ ನನ್ನ ಮಾವ ತಮ್ಮ ಹರೆಯದಲ್ಲಿ ಬೇಟೆಗೆಂದು ಮಂಚಿಗೆ ಕಟ್ಟಿದ್ದರು. ಗಟ್ಟಿ ಕಟ್ಟಿಗೆ ಅಡ್ಡ ಹಾಕಿ, ಹಗ್ಗ ಬಿಗಿದು, ಮೇಲೆ ಕೂಡಲು ಒಂದು ಜಾಲಿ ಕಟ್ಟಿಗೆಯ ಮಣೆ ಇಟ್ಟಿದ್ದರು, ಅಷ್ಟೇ. ಅಲ್ಲಿ ಕೂತು ಹಂದಿ ಹೊಡೆಯುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬೇಟೆ ನಿಂತಿತ್ತು, ಬಂದೂಕು ಹೋಗಿತ್ತು, ಮಣೆ ಮಾತ್ರ ಉಳಿದಿತ್ತು.

ಆಮೇಲೆ ಕಾಲುವೆಗೆ ನೀರು ಬಂತು. ಭೀಮರಾಯನಗುಡಿಯ ಕಾಲುವೆ ಆಫೀಸಿನವರು ಬಿಟ್ಟಾರಂತೆ ಅಂತ ಊರೆಲ್ಲ ದಂಡೆಗೆ ಓಡಿತು. ಜೋಳ ಬಿತ್ತುತ್ತಿದ್ದ ಹೊಲದಲ್ಲಿ ಭತ್ತ ಹಚ್ಚಿದೆವು. ನಮ್ಮ ಭತ್ತ ಹಾಲು ಕಟ್ಟಿದ್ದು ನಮಗಿಂತ ಮೊದಲು ಗುಡ್ಡದ ಹಂದಿಗಳಿಗೆ ಗೊತ್ತಾಯಿತು. ಅವತ್ತಿನಿಂದ ನಮ್ಮ ಮನೆಯವರು ಹೊತ್ತು ಮುಳುಗುವಾಗ ಮಂಚಿಗೆ ಹತ್ತಿ, ಎಣ್ಣೆ ಡಬ್ಬಿ ಬಡಿಯುತ್ತ, ಬೆಳಗಾದ ಮೇಲೆ ಇಳಿಯತೊಡಗಿದರು.

ಕಷ್ಟ ಇದ್ದದ್ದು ಅವರ ಸೊಂಟದ್ದು. ಹಿಂದೊಮ್ಮೆ ಜೋಳದ ಕಣಿಕೆ ಹೇರಿದ ಬಂಡಿಯಿಂದ ಬಿದ್ದು ಪೆಟ್ಟಾಗಿತ್ತು. ಥಂಡಿ ತಾಗಿದರೆ ಸಾಕು, ಎದ್ದು ನಿಲ್ಲಲು ಗೋಡೆ ಹಿಡಿಯಬೇಕು. ಮಣೆ ಹಸಿಯಿದ್ದರೆ ಮರುದಿನ ಗಿಡ ಹತ್ತುವುದು ಆಗುತ್ತಿರಲಿಲ್ಲ. ಅವರು ಹತ್ತದಿದ್ದರೆ ಹೊಲಕ್ಕೆ ಕಾವಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಮಲಗಿದರೆ ಆ ಮನುಷ್ಯ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಾಗಾಗಿ ಮಳೆಗಾಲ ಬಂತೆಂದರೆ ಆ ಮಣೆ ಒಣಗಿಸುವುದೇ ನನ್ನ ದೊಡ್ಡ ಕೆಲಸ.

ಮೊದಲು ಗೊಬ್ಬರದ ಚೀಲ ಮುಚ್ಚಿದೆ. ಗಾಳಿ ಅದನ್ನು ಎತ್ತಿ ಕಾಲುವೆಗೆ ಹಾಕಿತು. ಮತ್ತೊಂದು ಚೀಲ ಬಿಗಿದು ಕಟ್ಟಿದೆ, ಒಳಗೇ ಬೆವತು ಮಣೆ ಜಿಬಿಜಿಬಿ ಆಯಿತು. ಕಂಬಳಿ ಹೊದಿಸಿದರೆ ಮಳೆಯೆಲ್ಲ ಅದೇ ಕುಡಿದು ಕೂತಿತು. ಕಟ್ಟಿಗೆಗೆ ಎಣ್ಣೆ ಹಚ್ಚಿದರೆ ನೀರು ಹಿಡಿಯುವುದಿಲ್ಲ ಅಂತ ಯಾರೋ ಅಂದರು. ಮನೆಯಲ್ಲಿದ್ದ ಶೇಂಗಾ ಎಣ್ಣೆ ತಿಕ್ಕಿ ಬಂದೆ. ಮರುದಿನ ಇವರು ತೊಡೆ ಕೆರೆದುಕೊಳ್ಳುತ್ತ ಬಂದರು.

"ನಾ ಹಂದಿ ಓಡಸಾಕ ಕುಂತಿದ್ದೆ. ಇರುವಿ ನನ್ನ ಓಡಿಸ್ಯಾವು! ಮಣಿಗಿ ಒಗ್ಗರಣಿ ಹಾಕಿ ಬಂದೀಯೇನ?"

ಕಡೆಗೆ ಅವರೇ ಒಂದು ಉಪಾಯ ಮಾಡಿದರು. ಬೆಳಗ್ಗೆ ಇಳಿಯುವಾಗ ಮಣೆಯನ್ನು ಬೋರಲು ಹಾಕಿ, ಒಂದು ಬದಿಗೆ ಹಂಚಿನ ಚೂರು ಕೊಟ್ಟು ಓರೆ ಮಾಡಿ ಬರುವುದು. ಮಳೆ ಬಂದರೆ ಬೆನ್ನಿನ ಮೇಲೆ ಬಿದ್ದು ಹರಿದುಹೋಗುತ್ತದೆ, ಕೂಡುವ ಮುಖ ಒಣಗಿರುತ್ತದೆ. ಬಲೇ ಸುಲಭ. ಆದರೆ ನಾನು ಬುತ್ತಿಗಂಟು ಇಡಲು ಹೋಗಿ ಅದನ್ನು ನೋಡಿದವಳು ಎದೆ ಒಡೆದು ನಿಂತೆ.

ನಮ್ಮ ಮನೆತನದಲ್ಲಿ ಮಣೆ ಬೋರಲು ಹಾಕುವುದು ಒಂದೇ ಸಲ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಅವರು ಕೂಡುತ್ತಿದ್ದ ಮಣೆಯನ್ನು ಬೋರಲು ಹಾಕುತ್ತೇವೆ. ದಿನಕರ್ಮ ಮುಗಿದ ಮೇಲೆ ಮನೆಯವರೇ ಒಬ್ಬರು ಅದನ್ನು ನೆಟ್ಟಗೆ ಎತ್ತಿ ಹಾಕಿ, ಅದರ ಮೇಲೆ ಕೂತು ಉಣ್ಣಬೇಕು. ಬದುಕಿರುವ ಗಂಡನ ಮಣೆ ಬೋರಲು ಬಿದ್ದದ್ದು ನೋಡಿಕೊಂಡು ನಾನು ಹ್ಯಾಗೆ ಬರಲಿ? ಹತ್ತಿದೆ, ಸರಿ ಮಾಡಿ ಇಟ್ಟೆ. ಮಧ್ಯಾಹ್ನ ಮಳೆ ಹೊಡೆಯಿತು. ಅವತ್ತು ಅವರು ಹಸಿ ಮಣೆಯ ಮೇಲೆ ಕೂತರು.

"ಮತ್ತ ಎತ್ತಿ ಹಾಕಿದ್ಯೇನ?" ಬೆಳಗ್ಗೆ ಬಾಗಿಲಲ್ಲೇ ಕೇಳಿದರು.

"ಹಾಕೀನ್ರಿ. ಬೋರಲ ಇದ್ರ ನನ್ನ ಜೀವ ನಿಲ್ಲೂದಿಲ್ಲ."

"ಏ ಹುಚ್ಚಿ, ಬೋರಲ ಇದ್ರ ಸಾಯೂದಿಲ್ಲ. ಹಸಿ ಇದ್ರ ಸಾಯ್ತೀನಿ."

"ಬಿಡ್ತು ಅನ್ರಿ! ಹಂಗ ಅನಬ್ಯಾಡ್ರಿ."

ಅವರು ಬೋರಲು ಹಾಕುವುದು, ನಾನು ಎತ್ತುವುದು, ಹೀಗೇ ಕೆಲವು ದಿನ ನಡೆಯಿತು. ಅವರೂ ಸೋಲಲಿಲ್ಲ, ನಾನೂ ಸೋಲಲಿಲ್ಲ. ಕಡೆಗೆ ಒಂದು ಬೆಳಗ್ಗೆ ನಾನು ಮಣೆಯನ್ನೇ ಗಿಡದಿಂದ ಇಳಿಸಿ ತಲೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ಇಡೀ ದಿನ ಒಲೆಯ ಮುಂದೆ ನಿಲ್ಲಿಸಿದೆ. ಸಂಜೆ ಬುತ್ತಿಯ ಜೊತೆ ಮತ್ತೆ ಹೊತ್ತುಕೊಂಡು ಹೋದೆ. ಅವರು ಮೇಲೆ ಹತ್ತಿ ಕೂತರು. ಕೈಯಿಂದ ಮಣೆಯ ಅಂಚು ಸವರಿ ನೋಡಿದರು.

"ಬೆಚ್ಚಗದಲ್ಲ!" ಅಂದರು ಆಮೇಲೆ. "ಕೋಳಿ ಕಾವಿಗಿ ಕುಂತಂಗ ಆತು ನೋಡು."

ಅಂದಿನಿಂದ ಎಷ್ಟೋ ಮಳೆಗಾಲ ನಾನು ಆ ಮಣೆ ಹೊತ್ತೆ. ಮಳೆ ಬಂದರೆ ಅದನ್ನು ಸೆರಗಿನೊಳಗೆ ಅವಚಿ ಹಿಡಿಯುತ್ತಿದ್ದೆ, ನನ್ನ ಬೆನ್ನು ನೆಂದರೂ ಮಣೆ ನೆನೆಯಬಾರದು. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ದಿನಾ ಕಾಡಿಸುತ್ತಿದ್ದ.

"ಏನವ್ವಾ, ಸಿಂಹಾಸನ ಮುಂದ ಹೊಂಟದ. ರಾಜಾ ಎಲ್ಲಿ ಹಾನ?"

"ರಾಜಾ ಹಿಂದ ಬರ್ತಾನ ಕಾಕಾ. ನಿನ್ನ ಕುರಿ ಸರಸು, ದಾರಿ ಬಿಡು."

ಕುಂಟುತ್ತ ಬರುತ್ತಿದ್ದ ಇವರು ದೂರದಿಂದಲೇ ಕೇಳಿ ನಗುತ್ತಿದ್ದರು.

ಅವರ ಕಡೆಯ ವರ್ಷ ಮಳೆ ಬಿಡಲೇ ಇಲ್ಲ. ಕೆಮ್ಮು ಎದೆಗೆ ಇಳಿಯಿತು. ಶಹಾಪುರದ ದವಾಖಾನೆಯಲ್ಲಿ ಕೆಲವು ದಿನ ಇಟ್ಟುಕೊಂಡ ಡಾಕ್ಟರು, ಆಮೇಲೆ ಮನೆಗೆ ಕರಕೊಂಡು ಹೋಗಿ ಅಂದರು. ನಡುಮನೆಯಲ್ಲಿ ಹಾಸಿದೆ. ಕಾವಲಿಗೆ ಮಗ ಹೋಗುತ್ತಿದ್ದ. ಅವನಿಗೆ ಮಣೆ ಬೇಕಿರಲಿಲ್ಲ, ಚೀಲ ಮಡಿಚಿ ಹಾಕಿಕೊಂಡು ಕೂಡುತ್ತಿದ್ದ. ಆದರೂ ನಾನು ಮಣೆಯನ್ನು ದಿನಾ ಒಲೆಯ ಮುಂದೆ ಇಡುತ್ತಿದ್ದೆ. ಸಂಜೆಯಾದರೆ ಅವರ ಕಣ್ಣು ಆ ಕಡೆ ತಿರುಗುತ್ತಿತ್ತು.

"ಮಣಿ ಒಣಗ್ಯಾದೇನ?"

"ಒಣಗ್ಯಾದ್ರಿ. ನೀವು ಎದ್ರ ಹೊತ್ಕೊಂಡು ಬರ್ತೀನಿ."

ಒಂದು ಸಂಜೆ ಅದನ್ನು ತಂದು ಅವರ ಕೈಯ ಕೆಳಗೆ ಇಟ್ಟೆ. ಅಂಗೈ ಅದರ ಮೇಲೆ ಹರವಿದರು. "ಹೂಂ. ಬೆಚ್ಚಗದ" ಅಂದರು. ಅವರಿಂದ ನಾನು ಕೇಳಿದ ಕಡೆಯ ಮಾತು ಅದು. ಬೆಳಗಾಗುವುದರೊಳಗೆ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಹಿರಿಯರು ಕೇಳಿದರು, "ಅವನ ಮಣಿ ಎಲ್ಲದ, ಬೋರಲ ಹಾಕಬೇಕು." ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಯಾವುದು ಆಗಬಾರದೆಂದು ಅಷ್ಟು ವರ್ಷ ಹೊತ್ತು ತಿರುಗಿದ್ದೆನೋ, ಅದನ್ನು ನನ್ನ ಕೈಯಾರೆ ಮಾಡಿದೆ. ಅತ್ತದ್ದು ಆವಾಗ. ಅಲ್ಲಿಯವರೆಗೆ ನನಗೆ ಅಳುವೇ ಬಂದಿರಲಿಲ್ಲ.

ದಿನಕರ್ಮ ಮುಗಿಯಿತು. ಮಗ ಮಣೆ ಎತ್ತಿ ಕೂಡಲು ಬಂದ. ಬ್ಯಾಡಪಾ ಅಂದೆ. ಅದನ್ನು ಹೊತ್ತುಕೊಂಡು ಹೋಗಿ ಗಿಡ ಹತ್ತಿ, ಅವರು ಇಡುತ್ತಿದ್ದ ಹಾಗೆಯೇ ಬೋರಲು ಹಾಕಿದೆ. ಹಂಚಿನ ಚೂರು ಅಲ್ಲೇ ಇತ್ತು. ಒಂದು ಬದಿಗೆ ಕೊಟ್ಟು ಓರೆ ಮಾಡಿದೆ. "ತಗೋರಿ, ನಿಮ್ಮ ಮಾತೇ ಆಗ್ಲಿ" ಅಂದೆ. ಇಳಿಯುವಷ್ಟರಲ್ಲಿ ಹನಿ ಶುರುವಾಯಿತು. ಮತ್ತೆ ನಾನು ಆ ಗಿಡದ ಕಡೆ ತಲೆ ಎತ್ತಲಿಲ್ಲ. ಮಗ ಹೊಲದ ಸುತ್ತ ಬ್ಯಾಟರಿಯ ಮೇಲೆ ಸಪ್ಪಳ ಮಾಡುವ ಯಂತ್ರ ಕೂಡಿಸಿದ. ಯಾರೂ ಮಂಚಿಗೆ ಹತ್ತುವ ಕೆಲಸ ಉಳಿಯಲಿಲ್ಲ. ಮನೆಯಲ್ಲಿ ನಾವು ಉಂಡೆವು, ತಿಂದೆವು, ಮಗನ ಮದುವೆ ಮಾಡಿದೆವು. ಗಿಡದ ಮೇಲೆ ಒಂದು ಮಣೆ ಇನ್ನೂ ಬೋರಲು ಇದೆ ಅನ್ನುವುದು ಮಾತ್ರ ತುತ್ತು ಎತ್ತುವಾಗೆಲ್ಲ ನೆನಪಾಗುತ್ತಿತ್ತು.

ನಿನ್ನೆ ಬೆಳಗ್ಗೆ ಜೋರು ಮಳೆ ಸುರಿದು ನಿಂತಿತ್ತು. ಸಪ್ಪಳದ ಯಂತ್ರ ಕೆಟ್ಟಿತ್ತು, ಮತ್ತೆ ಕಾವಲು ಕೂಡಬೇಕೆಂದು ಮಗ ಮಂಚಿಗೆಯ ಹಗ್ಗ ಬದಲಿಸಲು ಗಿಡ ಹತ್ತಿದ. ಮೊಮ್ಮಗಳು ನಾನೂ ಬರ್ತೀನಿ ಅಂತ ಹಠ ಹಿಡಿದು, ಅಪ್ಪನ ಹೆಗಲೇರಿ ಮೇಲೆ ಹೋಯಿತು. ನಾನು ಕೆಳಗೆ ಸೆರಗು ಹರವಿಕೊಂಡು ನಿಂತೆ, ಬಿದ್ದರೆ ಹಿಡಿಯುವವಳ ಹಾಗೆ. ಮೇಲೆ ಏನೋ ಸಪ್ಪಳ. ಬೇವಿನ ಎಲೆಯ ನೀರೆಲ್ಲ ನನ್ನ ಮೈಮೇಲೆ ಸುರಿಯಿತು.

"ಆಯೀ! ಇಲ್ಲೊಂದು ಮಣಿ ಬೋರಲ ಬಿದ್ದಿತ್ತು. ನಾ ಎತ್ತಿ ಹಾಕೀನಿ!"

ಮುಖದ ನೀರು ಒರೆಸಿಕೊಂಡು ತಲೆ ಎತ್ತಿ ನೋಡಿದೆ.

"ಎಲ್ಲಾ ಹಸಿ ಅದ, ಇದೊಂದೇ ಒಣಗ್ಯಾದ ಆಯಿ! ನಾ ಕುಂತೀನಿ ನೋಡು!"

ಕೂತು ಕಾಲು ಜೋತು ಬಿಟ್ಟಿತ್ತು. ಅಲ್ಲಿಂದಲೇ ನಾನು ತಂದಿದ್ದ ಬುತ್ತಿಯ ರೊಟ್ಟಿ ಬೇಡಿತು. ಮಗ ಕೈ ಚಾಚಿ ಇಸಕೊಂಡು ಕೊಟ್ಟ. ಅದು ತಿಂದಿತು, ತಿನ್ನುತ್ತ ಚೂರು ಉದುರಿಸಿತು, ನಾನು ಕೆಳಗೆ ನಿಂತು ಅತ್ತೆ, ನಕ್ಕೆ.

ಮಣೆ ಈಗ ಮನೆಯಲ್ಲಿದೆ. ಬೆನ್ನು ಕಪ್ಪಾಗಿದೆ, ಮುಖ ಹಾಗೆಯೇ ಇದೆ. ಒಲೆಯ ಮುಂದೆ ನಿಲ್ಲಿಸಿದ್ದೇನೆ. ಮೊಮ್ಮಗಳು ಬಂದು ಮುಟ್ಟಿ ನೋಡಿತು.

"ಒಣಗೇ ಅದಲ್ಲ ಆಯಿ. ಮತ್ಯಾಕ ಇಟ್ಟೀದಿ?"

"ಬೆಚ್ಚಗ ಆಗ್ಲವ್ವಾ" ಅಂದೆ. "ಸಂಜಿಗಿ ಹೊತ್ಕೊಂಡು ಹೋಗೂಣು."