ಎರಡು ಗೆರೆ ಕಳೆಯುವ ಮುಮ್ತಾಜಕ್ಕ

ಅರ್ಧ ನೆಲ ಒರೆಸಿ ಆಗಿದೆ, ಇನ್ನರ್ಧ ಬಾಕಿ. ಒದ್ದೆ ಬಟ್ಟೆ ಹಿಂಡಿಟ್ಟು ಮುಮ್ತಾಜಕ್ಕ ಸೋಡಿಯಂ ದೀಪದ ಸ್ವಿಚ್ಚು ಹಾಕುತ್ತಾರೆ. ಬೆಳಿಗ್ಗೆ ಏಳು ಗಂಟೆ, ಕೊಪ್ಪದ ಖಾಸಗಿ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯ. ಕೆಂಪಗೆ ಹೊತ್ತಿದ ದೀಪ ಹಳದಿಗೆ ತಿರುಗಲು ಹತ್ತು ನಿಮಿಷ ಬೇಕು. ಅಷ್ಟರೊಳಗೆ ನೆಲ ಮುಗಿಯಬೇಕು.

ಆಮೇಲೆ ಬೆಳಕು ಸೋಸುವ ಎರಡು ಪೋಲರಾಯ್ಡ್‌ ಫಲಕಗಳನ್ನು ಒಂದಕ್ಕೊಂದು ಅಡ್ಡ ತಿರುಗಿಸುತ್ತಾರೆ. ಕತ್ತಲೆ. ನಡುವೆ ಕಾಗೆಬಂಗಾರದ, ಅಂದರೆ ಮೈಕಾದ, ತೆಳು ಹಾಳೆ ಇಟ್ಟು ಓರೆ ಮಾಡಿದೊಡನೆ ಬೆಳಕು ತೂರಿ ಬರುತ್ತದೆ. ಹಾಳೆ ಹೊಕ್ಕ ಬೆಳಕು ಎರಡಾಗಿ ಒಡೆದು, ಒಂದು ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಬಿತ್ತೆಂದು ಅಳೆದು, ಹಾಳೆಯ ದಪ್ಪದಿಂದ ಭಾಗಿಸಿದರೆ ಸಿಗುವುದೇ ದ್ವಿವಕ್ರೀಭವನ. ಏಳನೇ ತರಗತಿಗೆ ಶಾಲೆ ಬಿಟ್ಟ ಈ ಅಟೆಂಡರ್‌ಗೆ ಇದನ್ನೆಲ್ಲ ಕಲಿಸಿದವರು ಯಾರು?

"ಹತ್ತೊಂಬತ್ತು ವರ್ಷ ಬೋರ್ಡ್ ಒರೆಸಿದ್ದೇನೆ. ಓದಿಯೇ ಒರೆಸ್ತಿದ್ದೆ," ಎನ್ನುತ್ತಾರೆ.

ಅವರಿಗೆ ಸಿಕ್ಕುವ ಉತ್ತರ 0.0045. ವಿಭಾಗದ ಮುಖ್ಯಸ್ಥ ಹರಿಹರ ಬರೆದ ಕೈಪಿಡಿಯಲ್ಲಿರುವುದು 0.0032. ದಪ್ಪ ಅಳೆಯುವ ಸ್ಕ್ರೂಗೇಜು ಬಾಯಿ ಪೂರ್ತಿ ಮುಚ್ಚಿದರೂ ಎರಡು ಗೆರೆ ಹೆಚ್ಚು ತೋರಿಸುತ್ತದೆ. ಅದನ್ನು ಕಳೆಯಲು ಹರಿಹರ ಮರೆತಿದ್ದಾರೆ, ಅಷ್ಟೆ. ಮರೆವು ಯಾರಿಗಿಲ್ಲ? ಆದರೆ ಮೂರು ವರ್ಷದ ಹಿಂದೆ ಮುಮ್ತಾಜಕ್ಕ ಅದನ್ನು ಹೇಳಿದಾಗ ಬಂದ ಉತ್ತರ ಕೇಳಿ: "ನೀನು ಕಸ ಗುಡ್ಸು ಮುಮ್ತಾಜ್. ಕೂಡೋದು, ಕಳೆಯೋದು ನಾವು ನೋಡ್ಕೊಳ್ತೇವೆ."

ನೋಡಿಕೊಂಡದ್ದು ಹೀಗೆ: ತಪ್ಪು ಬರೆದ ಮಕ್ಕಳಿಗೆ ಪೂರ್ತಿ ಅಂಕ, ಸರಿಯಾಗಿ ಅಳೆದವರಿಗೆ ಕತ್ತರಿ. ಅಂದೇ ವಿಶ್ವವಿದ್ಯಾಲಯಕ್ಕೆ ಬರೆದ ಪತ್ರ ಮುಮ್ತಾಜಕ್ಕನ ಟ್ರಂಕಿನ ತಳ ಸೇರಿತು. ಪ್ರತಿ ಜೂನ್‌ನಲ್ಲಿ ಅವರ ಕೆಲಸ ಮುಂದುವರಿಯಲು ಹರಿಹರ ಅವರದೇ ರುಜು ಬೇಕು. ಹೊಟ್ಟೆಗೆ ಹೆದರಿಸಿ ಬಾಯಿ ಮುಚ್ಚಿಸುವ ಈ ಏರ್ಪಾಟಿಗೆ ಶಿಸ್ತು ಎಂಬ ಹೆಸರು ಬೇರೆ!

ಈ ವರ್ಷ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಹಿರೇಕೊಡಿಗೆಯ ವಿದ್ಯಾರ್ಥಿನಿ ಅರ್ಪಣಾ ಎರಡು ಗೆರೆ ಕಳೆದು 0.0045 ಬರೆದಳು. ಆರು ಅಂಕ ಹೋಯಿತು. ಎಂ.ಎಸ್ಸಿ. ಸೀಟು ತಪ್ಪಿದ್ದು ಎರಡೇ ಅಂಕಕ್ಕೆ.

"ಮುಮ್ತಾಜಕ್ಕ, ನೀವು ಹೇಳಿದ ಹಾಗೇ ಮಾಡಿದ್ದೆನಲ್ಲ?" ಎಂದು ಕೇಳಿದಳಂತೆ.

"ಬೈದಿದ್ರೆ ಬೈಸ್ಕೊಳ್ತಿದ್ದೆ. ಅಷ್ಟು ಮೆತ್ತಗೆ ಕೇಳಿಬಿಟ್ಲು ಮಾರಾಯ್ರೆ! ಮೂರು ವರ್ಷ ಸುಮ್ನಿದ್ದ ನನ್ನ ಮೇಲೇ ನಂಗೆ ಸಿಟ್ಟು ಬಂತು. ಜೂನ್ ಬರ್ಲಿ. ತೆಗೆದ್ರೆ ತೆಗೀಲಿ. ಆ ಕೂಸಿನ ಆರು ಅಂಕ ಅದಕ್ಕೆ ಸಿಕ್ಕಿದ್ರೆ ಸಾಕು."

ಹತ್ತು ಗಂಟೆಗೆ ಅಂಚೆ ಕಚೇರಿ ತೆರೆಯುತ್ತದೆ. ಹಳೆಯ ಪತ್ರಕ್ಕೆ ಅರ್ಪಣಾಳ ಲೆಕ್ಕದ ಹಾಳೆಯೂ ಸೇರಿ ಲಕೋಟೆ ಉಬ್ಬಿದೆ. ಕೌಂಟರಿನ ಕಲ್ಲೇಶಪ್ಪ ತೂಕಕ್ಕಿಡುತ್ತಾ ಕೇಳುತ್ತಾರೆ, "ಕಳಿಸಿದವರು ಅಂತ ಕಾಲೇಜಿನ ಹೆಸರು ಹಾಕ್ಲಾ?"

"ಬೇಡ. ನನ್ನ ಹೆಸರು ಹಾಕಿ. ಅಳೆದದ್ದು ನಾನು."

ಕಲ್ಲೇಶಪ್ಪ ಚೀಟಿ ಅಂಟಿಸಿ ವಿಶ್ವವಿದ್ಯಾಲಯದ ವಿಳಾಸದ ಲಕೋಟೆಯನ್ನು ಹೊರಡುವ ಟಪಾಲಿನ ಚೀಲಕ್ಕೆ ಹಾಕುತ್ತಾರೆ.