ಕೋಲಿಗೆ ತಾಕದ ಹಾಗೆ

ನನಗೆ ಈಜು ಬರುವುದಿಲ್ಲ. ದೋಣಿ ಹತ್ತಿದ್ದು ಒಂದೇ ಸಲ, ಅದೂ ಪಾರ್ಕಿನ ಕೆರೆಯಲ್ಲಿ, ಕಾಲಿನಿಂದ ತುಳಿಯುವ ಬಾತುಕೋಳಿ ದೋಣಿ. ಹೀಗಿದ್ದೂ ಈ ವರ್ಷ ಬೇಸಿಗೆ ಮುಗಿದಾಗಿನಿಂದ ಯುರೋಪಿನ ಭೋರ್ಗರೆವ ನೀರಿನಲ್ಲಿ ಹುಟ್ಟು ಹಾಕುವವರಿಗೆ ದೊಡ್ಡಬಳ್ಳಾಪುರದ ನನ್ನ ಕುರ್ಚಿಯಿಂದಲೇ ಸಲಹೆ ಕೊಡುತ್ತಿದ್ದೇನೆ. "ಎಡಕ್ಕೆ ಎಳಿಯಮ್ಮಾ, ಎಡಕ್ಕೆ!" ಎಂದು ಕೂಗುತ್ತೇನೆ. ಅವರಿಗೆ ಕೇಳಿಸುವುದಿಲ್ಲ, ಅದು ಅವರ ಪುಣ್ಯ.

ಸ್ಲಾಲಮ್ ಎಂಬ ಈ ಪಂದ್ಯವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ರಭಸದ ನೀರಿನ ಮೇಲೆ ಜೋಡಿ ಜೋಡಿಯಾಗಿ ಕೋಲುಗಳನ್ನು ತೂಗುಬಿಟ್ಟಿರುತ್ತಾರೆ. ಪ್ರತಿ ಜೋಡಿಯೂ ಒಂದು ಬಾಗಿಲು. ಹಸಿರು ಬಾಗಿಲನ್ನು ನೀರಿನ ಜೊತೆಗೆ ದಾಟಬೇಕು, ಕೆಂಪು ಬಾಗಿಲನ್ನು ನೀರಿಗೆ ಎದುರಾಗಿ. ಕೋಲಿಗೆ ತಾಕಿದರೆ ಎರಡು ಸೆಕೆಂಡು ದಂಡ, ಬಾಗಿಲನ್ನೇ ಬಿಟ್ಟರೆ ಐವತ್ತು. ಕಡಿಮೆ ಸಮಯದಲ್ಲಿ ಇಳಿದವರು ಗೆದ್ದಂತೆ. ಒಂದು ಊರಿನಲ್ಲಿ ಮುಗಿಸಿ ಇನ್ನೊಂದು ಊರಿಗೆ ಹೋಗಿ, ಮಳೆಗಾಲವೆಲ್ಲ ಇದೇ ಆಟ.

ಈ ಹೊಳೆಗಳಲ್ಲಿ ಎಷ್ಟೋ ಹೊಳೆಗಳೇ ಅಲ್ಲ ಎಂದು ತಿಳಿದಾಗ ನನಗೆ ಸ್ವಲ್ಪ ಹೊಟ್ಟೆಯುರಿದದ್ದು ನಿಜ. ಕಾಂಕ್ರೀಟಿನ ಕಾಲುವೆ ಕಟ್ಟಿ, ಮೋಟಾರು ಹಾಕಿ, ಕೆಳಗೆ ಹರಿದು ಬಂದ ನೀರನ್ನೇ ಮತ್ತೆ ಮೇಲಕ್ಕೆತ್ತಿ ಹರಿಸುತ್ತಾರಂತೆ. ನಮ್ಮ ಕಡೆ ಮೋಟಾರು ಹಾಕಿ ನೀರೆತ್ತುವುದು ರಾಗಿಗೂ ದ್ರಾಕ್ಷಿಗೂ ಮನೆಯ ತೊಟ್ಟಿಗೂ. ಅರ್ಕಾವತಿ ನಮ್ಮ ಊರಿನ ನದಿಯೇ ಆದರೂ, ಅದರ ಸೇತುವೆ ದಾಟುವಾಗ ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ. ನೀರು ನೋಡುವ ಆಸೆಗೆ ನನಗೆ ಉಳಿದಿದ್ದು ಟಿವಿಯೊಂದೇ.

ಆಸೆಯೇನೋ ಇತ್ತು, ಕಣ್ಣಿರಲಿಲ್ಲ. ಎಡಗಣ್ಣಿನ ನರ ಸೋತಿದೆ, ಬಲಗಣ್ಣೂ ಸ್ವಲ್ಪ ಮಂಜಾಗಿದೆ ಎಂದು ಡಾಕ್ಟರು ಹೇಳಿದ್ದು ಪಂದ್ಯಗಳು ಶುರುವಾದ ಹೊತ್ತಿನಲ್ಲೇ. "ಇನ್ಮೇಲೆ ಗಾಡಿ ಓಡಿಸ್ಬೇಡಿ" ಎಂದರು. ಮಗ್ಗದ ಮನೆಯಲ್ಲಿ ಹುಟ್ಟಿ ಸೀರೆ ವ್ಯಾಪಾರ ಮಾಡುವವನು ನಾನು. ದಾರ ಸರಿಯಾಗಿ ಕಾಣದಿದ್ದರೆ ನೋಡುವವರು ಬೇರೆ ಇದ್ದಾರೆ. ಆದರೆ ನನ್ನ ಹೆಂಡತಿ ಗಿರಿಜಾ ಸಾಸಲು ಕಡೆಯ ಶಾಲೆಯಲ್ಲಿ ಮೇಡಂ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಿನವೂ ಬಿಟ್ಟು ಬರುತ್ತಿದ್ದವನು ನಾನೇ. ಇನ್ನು ಅವಳು ಕಾರು ಕಲಿಯಬೇಕು, ಇಲ್ಲವೇ ನೌಕರಿ ಬಿಡಬೇಕು. ಐವತ್ತು ದಾಟಿದವಳನ್ನು ಕಲಿ ಎನ್ನುವುದಕ್ಕೆ ನನಗೆ ನಾಚಿಕೆಯಾಯಿತು, ಬಿಡು ಎನ್ನುವುದಕ್ಕೆ ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅವಳೇ ಹೇಳಿದಳು, "ಕಲೀತೀನಿ ಬಿಡಿ. ಮೂವತ್ತು ಮಕ್ಳನ್ನ ಓಡ್ಸೋಳಿಗೆ ಒಂದು ಕಾರು ಹೆಚ್ಚಾ?"

ಸಂಜೆ ಅವಳನ್ನು ಟಿವಿಯ ಮುಂದೆ ಕೂರಿಸಿದ್ದು ನನ್ನ ಸ್ವಾರ್ಥಕ್ಕೆ. ದೋಣಿ ಕೋಲಿಗೆ ತಾಕಿತೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. ಪಕ್ಕದ ಮನೆಗಳ ಪವರ್‌ಲೂಮ್ ಸದ್ದಿನಲ್ಲಿ ವಿವರಣೆಯೂ ಕೇಳುತ್ತಿರಲಿಲ್ಲ. ಮೊದಮೊದಲು ಅವಳು ಬೆಳ್ಳುಳ್ಳಿ ಸುಲಿಯುತ್ತಾ "ತಾಕ್ತು", "ತಾಕ್ಲಿಲ್ಲ" ಎನ್ನುತ್ತಿದ್ದಳು. ವಾರ ಕಳೆಯುವುದರಲ್ಲಿ ಬೆಳ್ಳುಳ್ಳಿ ಮೂಲೆ ಸೇರಿತು. ದಡದ ಮೇಲಿನ ತೀರ್ಪುಗಾರರಿಗಿಂತ ಇವಳು ಬಿಗಿ. "ಹೆಲ್ಮೆಟ್ಟು ಕೋಲನ್ನ ಸವರ್ಕೊಂಡು ಹೋಯ್ತು ಕಣ್ರೀ, ಅವರು ನೋಡೇ ಇಲ್ಲ!" ಎಂದು ಉತ್ತರಪತ್ರಿಕೆ ತಿದ್ದುವ ದನಿಯಲ್ಲಿ ಹೇಳುತ್ತಿದ್ದಳು. ಹಸಿರು ಹೆಲ್ಮೆಟ್ಟಿನ ಒಬ್ಬಳು ಅವಳಿಗೆ ಅಚ್ಚುಮೆಚ್ಚಾದಳು. ಉಳಿದವರಿಗಿಂತ ವಯಸ್ಸಾದವಳು, ಗೆಲ್ಲುವುದು ಅಪರೂಪ. "ನಮ್ಮೋಳು ಬಂದ್ಲು" ಎಂದರೆ ಆಕೆಯೇ.

ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ತಿರುಗುತ್ತದೆ, ಅಲ್ಲಿ ದೋಣಿ ನಿಲ್ಲಿಸಿ ದಮ್ಮು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಕಂಡುಹಿಡಿದವಳು ಅವಳೇ. ನಮ್ಮ ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲೂ ಕಂಬದ ಹಿಂದೆ ಇಂಥದ್ದೊಂದು ಜಾಗವಿದೆ, ಅಲ್ಲಿ ಅಜ್ಜಿಯರು ಹಾಯಾಗಿ ಎಲೆಅಡಿಕೆ ಹಾಕಿಕೊಂಡು ನಿಂತಿರುತ್ತಾರೆ. ಎಂಥ ರಭಸದಲ್ಲೂ ಸುಮ್ಮನೆ ನಿಲ್ಲಲು ಒಂದಿಷ್ಟು ಜಾಗ ಇದ್ದೇ ಇರುತ್ತದೆ ಎಂದು ನಾನು ವೇದಾಂತ ಹೇಳಿದೆ. "ಮೊದ್ಲು ನೋಡಿ, ಆಮೇಲೆ ಹೇಳಿ" ಎಂದಳು.

ಲೈಸೆನ್ಸಿನ ಪರೀಕ್ಷೆಯೂ ಕೋಲುಗಳದ್ದೇ. ನೆಟ್ಟ ಕೋಲುಗಳ ನಡುವೆ ಕಾರನ್ನು ಹಿಂದಕ್ಕೆ ತರಬೇಕು. ಮೊದಲ ಸಲ ಅರ್ಧ ದಾರಿ ಚೆನ್ನಾಗಿಯೇ ಬಂದಳು. ಆಮೇಲೆ ಒಂದು ಕೋಲಿಗೆ ಟಕ್ಕೆಂದು ತಾಕಿತು. ತಾಕಿದ್ದೇ ತಡ, ಗಿರಿಜಾ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ಕಣ್ಣಿಗೊತ್ತಿಕೊಂಡಳು! ಪುಸ್ತಕಕ್ಕೆ, ಅಕ್ಕಿಗೆ, ಪಕ್ಕದವರಿಗೆ ಕಾಲು ತಾಕಿದರೆ ಮಾಡುವ ಹಾಗೆ. ಭಕ್ತಿಯ ಆ ಎರಡು ಗಳಿಗೆಯಲ್ಲಿ ಕಾರು ತಾನಾಗಿ ಹಿಂದೆ ಸರಿದು ಇನ್ನೆರಡು ಕೋಲು ಮಲಗಿಸಿತು. ಇನ್ಸ್‌ಪೆಕ್ಟರು ನಗು ತಡೆದುಕೊಂಡು "ಮತ್ತೊಂದ್ಸಲ ಬನ್ನಿ ಮೇಡಂ" ಎಂದರು.

"ತಾಕಿದ್ದು ಕಾಲಲ್ಲ ಕಣೇ, ಕಾರು" ಎಂದೆ.

"ಓಡಿಸ್ತಿದ್ದೋಳು ನಾನೇ ಅಲ್ವಾ?" ಎಂದಳು. ಕಣ್ಣು ತುಂಬಿತ್ತು. ಆ ದಿನ ಟಿವಿ ಹಾಕಲಿಲ್ಲ.

ವರ್ಷದ ಕೊನೆಯ ಪಂದ್ಯವನ್ನು ಮಾತ್ರ ಬಿಡಲಾಗಲಿಲ್ಲ. ಹಸಿರು ಹೆಲ್ಮೆಟ್ಟಿನವಳು ಅರ್ಧದಲ್ಲಿ ಒಂದು ಬಾಗಿಲು ತಪ್ಪಿದಳು. ನೀರು ಅವಳನ್ನು ಕೆಳಗೆ ಕೊಂಡೊಯ್ದಿತ್ತು. ಅವಳು ದೋಣಿ ತಿರುಗಿಸಿ, ಹುಟ್ಟು ಹಾಕಿ, ಹಾಕಿ, ಮತ್ತೆ ಮೇಲೆ ಹತ್ತಿ ಆ ಬಾಗಿಲನ್ನು ದಾಟಿಯೇ ಮುಂದಕ್ಕೆ ಹೋದಳು. ಪದಕದ ಆಸೆ ಅಲ್ಲಿಗೇ ಮುಗಿದಿತ್ತು.

"ಎಲ್ರೂ ನೋಡ್ತಿರೋವಾಗ ವಾಪಸ್ ಹೋದ್ಲಲ್ರೀ" ಎಂದಳು ಗಿರಿಜಾ.

ಎರಡನೆಯ ಪರೀಕ್ಷೆಯಲ್ಲಿ ಕಾರು ಮತ್ತೆ ಅಡ್ಡವಾಯಿತು. ನಾನು ಆಚೆಯಿಂದ ಬೇಲಿಗೆ ಮುಖ ಒತ್ತಿ ನೋಡುತ್ತಿದ್ದೆ. ಅವಳು ನಿಲ್ಲಿಸಿದಳು. ಕೈ ಸ್ಟೇರಿಂಗಿನ ಮೇಲೇ ಇತ್ತು. ನಿಧಾನವಾಗಿ ಮುಂದೆ ತಂದು, ನೇರ ಮಾಡಿಕೊಂಡು, ಮತ್ತೆ ಹಿಂದಕ್ಕೆ ಬಂದಳು. ಹಿಂದೆ ಕಾಯುತ್ತಿದ್ದ ಹುಡುಗರು ಗೊಣಗಿದರು. ಕೋಲೊಂದೂ ಅಲುಗಲಿಲ್ಲ. "ಆಯ್ತು ಮೇಡಂ, ಇಳೀರಿ" ಎಂದರು ಇನ್ಸ್‌ಪೆಕ್ಟರು. ನನಗೆ ಅಳು ಬಂತು. ತಪ್ಪನ್ನು ಎಡಗಣ್ಣಿನ ಮೇಲೆ ಹಾಕಿ ಒರೆಸಿಕೊಂಡೆ.

ಮೊದಲ ದಿನ ಅವಳ ಜೊತೆ ಸಾಸಲಿನ ಕಡೆಗೆ ಹೊರಟೆ. ಎಡಗಡೆಯ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತಾ ಹೋದೆ. ನಾಲ್ಕನೆಯ ಸಲಹೆಗೆ ಅವಳು ಉತ್ತರ ಕೊಡುವುದನ್ನು ನಿಲ್ಲಿಸಿದಳು. ವಿಧಿಯಿಲ್ಲದೆ ಸುಮ್ಮನೆ ಕಿಟಕಿಯಾಚೆ ನೋಡಿದೆ. ಒಂದು ತಿರುವಿನಲ್ಲಿ ದೊಡ್ಡದೊಂದು ಹುಣಸೆಮರ, ಅದರ ಹಿಂದೆ ಪುಟ್ಟ ಕುಂಟೆ, ಕುಂಟೆಯ ತುಂಬ ನೀರು, ನೀರಿನಲ್ಲಿ ಬಿಳಿ ತಾವರೆ. ಮಸುಕಾಗಿಯಾದರೂ ಎಲ್ಲ ಕಾಣಿಸಿತು.

"ಇದು ಯಾವಾಗಿಂದ ಇದೆಯೇ ಇಲ್ಲಿ?" ಎಂದು ಕೇಳಿದೆ.

ಗಿರಿಜಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಾನು ಈ ಸ್ಕೂಲಿಗೆ ಬಂದಾಗ್ಲೇ ಇತ್ತು. ಎಷ್ಟು ಸಲ ತೋರಿಸ್ದೆ! 'ಸುಮ್ನಿರೇ, ಗಾಡಿ ಓಡಿಸ್ತಿದೀನಿ' ಅಂತಿದ್ರಿ."